ರಿಪೋರ್ಟ್ ನಾರ್ಮಲ್ ಬಂದರೂ ಸುಸ್ತು ಸುಳ್ಳಲ್ಲ

ಮಾನ್ಯ ಸಂಪಾದಕರೆ,

ಥೈರಾಯ್ಡ್ ಕೆಲಸ ಕುಂದಿದವರಿಗೆ ಕೊಡುವ ಲಿವೊಥೈರಾಕ್ಸಿನ್ ಮಾತ್ರೆಯಿಂದ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಆದರೆ ನೂರಕ್ಕೆ ಐದರಿಂದ ಹತ್ತು ಮಂದಿಗೆ ಟಿಎಸ್‌ಎಚ್ (ಥೈರಾಯ್ಡ್ ಕುಂದಿದಷ್ಟೂ ರಕ್ತದಲ್ಲಿ ಏರುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನು) ಹತೋಟಿಗೆ ಬಂದಮೇಲೂ ಸುಸ್ತು, ತಲೆಮಂಕು, ಮೈಭಾರ, ಕೂದಲುದುರುವುದು ಬಿಡುವುದಿಲ್ಲ. ಅವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ: ‘ರಿಪೋರ್ಟ್ ನಾರ್ಮಲ್ ಇದೆ, ಸುಮ್ಮನೆ ಯೋಚನೆ ಮಾಡಬೇಡಿ’, ಇಲ್ಲವೇ ‘ಡೋಸ್ ಸ್ವಲ್ಪ ಏರಿಸೋಣ’. ಇವೆರಡರಿಂದಲೂ ಕಾರಣ ಗೊತ್ತಾಗುವುದಿಲ್ಲ. ಕಾರಣವನ್ನು ಹುಡುಕಲು ಒಂದು ಕ್ರಮವಿದೆ, ಅದು ರೋಗಿಗಳಿಗೂ ತಿಳಿದಿರಬೇಕು.

ಮೊದಲು ನೋಡಬೇಕಾದ್ದು ಮಾತ್ರೆ ಹೊಟ್ಟೆಯಲ್ಲಿ ಏನಾಗುತ್ತಿದೆ ಎಂಬುದನ್ನು. ಈ ಔಷಧಿಯ ಅಳತೆ ಮೈಕ್ರೊಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ರಕ್ತ ಸೇರುವುದು ಶೇ 70ರಿಂದ 80ರಷ್ಟು ಮಾತ್ರ. ಊಟದ ಜೊತೆ ನುಂಗಿದರೆ ಇನ್ನೂ ಕಡಿಮೆ. ಬೆಳಿಗ್ಗೆ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬೇರೇನೂ ಸೇವಿಸಬಾರದು. ‘ಬೇರೇನೂ’ ಎಂದಾಗ ಕಾಫಿಯೂ ಸೇರಿತು. ತಿಂಡಿಯನ್ನು ಬಿಟ್ಟವರೂ ಕಾಫಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಎಡವುವುದು ಇಲ್ಲಿಯೇ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಕರುಳಿನಲ್ಲಿ ಥೈರಾಕ್ಸಿನ್ನಿಗೆ ಅಂಟಿಕೊಂಡು ಅದನ್ನು ಒಳಗೆ ಹೋಗಗೊಡುವುದಿಲ್ಲ, ಹಾಗಾಗಿ ನಾಲ್ಕು ಗಂಟೆಯ ಅಂತರ ಬೇಕು. ಮಲ್ಟಿವಿಟಮಿನ್ ಮಾತ್ರೆಯಲ್ಲೂ ಇವು ಇರುತ್ತವೆ. ಒಮೆಪ್ರಜೋಲ್ ಜಾತಿಯ ಗ್ಯಾಸ್ಟ್ರಿಕ್ ಮಾತ್ರೆಗಳ ಕಥೆ ಬೇರೆ. ಅವು ಹೊಟ್ಟೆಯ ಆಮ್ಲವನ್ನು ತಗ್ಗಿಸುವುದರಿಂದ ಥೈರಾಯ್ಡ್ ಮಾತ್ರೆ ಸರಿಯಾಗಿ ಕರಗುವುದೇ ಇಲ್ಲ. ಅಲ್ಲಿ ಸಮಯದ ಅಂತರವೊಂದೇ ಸಾಲದು, ಡೋಸ್ ಬದಲಿಸಬೇಕಾಗಬಹುದು. ಬೆಳಿಗ್ಗೆ ಇದೆಲ್ಲ ಹೊಂದದವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುನ್ನ ತೆಗೆದುಕೊಳ್ಳಬಹುದು. ಆದರೆ ಒಂದು ದಿನ ಖಾಲಿ ಹೊಟ್ಟೆಗೆ, ಮರುದಿನ ತಿಂಡಿಯ ಜೊತೆಗೆ ಎಂದಾಗಬಾರದು. ಟಿಎಸ್‌ಎಚ್ ಒಮ್ಮೆ 2, ಮತ್ತೊಮ್ಮೆ 9 ಎಂದು ಕುಣಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಗ್ರಂಥಿ ಪೂರ್ತಿ ಕೈಕೊಟ್ಟವರಿಗೆ ದಿನಕ್ಕೆ ಬೇಕಾಗುವುದು ಸುಮಾರಾಗಿ ಕೆ.ಜಿ. ತೂಕಕ್ಕೆ 1.6 ಮೈಕ್ರೊಗ್ರಾಂ. 60 ಕೆ.ಜಿ. ತೂಗುವವರಿಗೆ ನೂರರ ಆಸುಪಾಸು. ಅಷ್ಟೇ ತೂಕದವರಿಗೆ 200 ಕೊಟ್ಟರೂ ಟಿಎಸ್‌ಎಚ್ ಇಳಿಯದಿದ್ದರೆ, ಮಾತ್ರೆ ಆಗಾಗ ತಪ್ಪುತ್ತಿದೆ ಅಥವಾ ಕರುಳು ಹೀರಿಕೊಳ್ಳುತ್ತಿಲ್ಲ. ಸೀಲಿಯಾಕ್ ಕಾಯಿಲೆ (ಗೋಧಿಯ ಗ್ಲುಟೆನ್ ಒಗ್ಗದೆ ಕರುಳು ಹಾಳಾಗುವುದು), ಜಠರದ ಒಳಪದರ ಸವೆದಿರುವುದು, ಎಚ್. ಪೈಲೋರಿ ಎಂಬ ಜಠರದ ಬ್ಯಾಕ್ಟೀರಿಯಾದ ಸೋಂಕು ಇವನ್ನು ಪರೀಕ್ಷಿಸದೆ ಡೋಸನ್ನಷ್ಟೇ ಏರಿಸುತ್ತಾ ಹೋಗುವುದು ಸರಿಯಲ್ಲ.

ಎರಡನೆಯದು ರಕ್ತಪರೀಕ್ಷೆಯೇ ದಾರಿ ತಪ್ಪಿಸುವುದು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಡೋಸ್ ಬದಲಾದ ಮೇಲೆ ಆರರಿಂದ ಎಂಟು ವಾರ ಕಾಯದೆ ಮಾಡಿಸಿದ ಟಿಎಸ್‌ಎಚ್ ಪೂರ್ತಿ ಚಿತ್ರ ಕೊಡುವುದಿಲ್ಲ. ತಿಂಗಳೆಲ್ಲ ಮರೆತು, ಪರೀಕ್ಷೆ ಹತ್ತಿರ ಬಂದಾಗ ನಾಲ್ಕು ದಿನ ತಪ್ಪದೆ ನುಂಗಿದರೆ ಟಿ4, ಅಂದರೆ ರಕ್ತದ ಥೈರಾಕ್ಸಿನ್, ಸರಿಯಾಗಿ ಕಾಣುತ್ತದೆ, ಟಿಎಸ್‌ಎಚ್ ಮಾತ್ರ ಮೇಲೆಯೇ ಇರುತ್ತದೆ. ಪರೀಕ್ಷೆಯ ದಿನ ಮೊದಲು ರಕ್ತ ಕೊಟ್ಟು, ಆಮೇಲೆ ಮಾತ್ರೆ ನುಂಗುವುದು ಒಳ್ಳೆಯದು.

ಬಯೋಟಿನ್ ಬಗ್ಗೆ ವಿಶೇಷವಾಗಿ ಹೇಳಲೇಬೇಕು. ಕೂದಲು ಉದುರುತ್ತದೆಂದು ಜನ ಬಿ ಗುಂಪಿನ ಈ ವಿಟಮಿನ್ನಿನ ಮಾತ್ರೆ ನುಂಗುತ್ತಾರೆ. ದೇಹಕ್ಕೆ ದಿನಕ್ಕೆ ಸಾಕಾಗುವುದು ಸುಮಾರು 30 ಮೈಕ್ರೊಗ್ರಾಂ. ಈ ಮಾತ್ರೆಗಳಲ್ಲಿ ಇರುವುದು ಐದು-ಹತ್ತು ಮಿಲಿಗ್ರಾಂ, ಅಂದರೆ ನೂರಾರು ಪಟ್ಟು. ಹಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನದಲ್ಲಿ ಇದು ಟಿಎಸ್‌ಎಚ್ಚನ್ನು ಸುಳ್ಳಾಗಿ ಕಡಿಮೆ, ಟಿ4 ಅನ್ನು ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ವೈದ್ಯರು ಡೋಸ್ ಇಳಿಸುತ್ತಾರೆ, ಕೂದಲು ಇನ್ನಷ್ಟು ಉದುರುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿದರೆ ಈ ಗೋಜಲು ತಪ್ಪುತ್ತದೆ. ತೊಂದರೆಯ ಮೂಲ ಪಿಟ್ಯುಟರಿ ಗ್ರಂಥಿಯಲ್ಲಿದ್ದವರಿಗಂತೂ ಟಿಎಸ್‌ಎಚ್ ಲೆಕ್ಕಕ್ಕೇ ಬರುವುದಿಲ್ಲ, ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ನೋಡಿಯೇ ಡೋಸ್ ನಿರ್ಧರಿಸಬೇಕು.

ಇವೆಲ್ಲ ಸರಿಯಿದ್ದೂ ಸುಸ್ತು ಉಳಿದರೆ, ಅದು ಥೈರಾಯ್ಡಿನದಲ್ಲದೇ ಇರಬಹುದು. ಗ್ರಂಥಿ ಕುಂದಲು ಹಾಶಿಮೊಟೊ ಕಾಯಿಲೆ ಒಂದು ಮುಖ್ಯ ಕಾರಣ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಈ ಕಾಯಿಲೆ ಇರುವವರಲ್ಲಿ ಅದೇ ಬಗೆಯ ಬೇರೆ ಕಾಯಿಲೆಗಳ ಸಂಭವವೂ ಹೆಚ್ಚು: ಬಿ12 ಹೀರಿಕೊಳ್ಳಲಾಗದ ರಕ್ತಹೀನತೆ, ಸೀಲಿಯಾಕ್, ಟೈಪ್ 1 ಮಧುಮೇಹ. ಥೈರಾಯ್ಡ್ ಕುಂದಿದಾಗ ಮುಟ್ಟಿನ ಸ್ರಾವ ಹೆಚ್ಚಾಗಿ ಕಬ್ಬಿಣ ಬರಿದಾಗುವುದೂ ಉಂಟು. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರುವ ಅಳತೆ) ತಳ ಮುಟ್ಟಿರಬಹುದು, ಅದೊಂದೇ ಸುಸ್ತಿಗೂ ಕೂದಲುದುರುವುದಕ್ಕೂ ಕಾರಣವಾಗಬಲ್ಲದು. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯೇ ನೋಡಬೇಕು. ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳು, ಖಿನ್ನತೆ ಇವೂ ಇದೇ ಲಕ್ಷಣ ತೋರುತ್ತವೆ. ಖಿನ್ನತೆ ಎಂದೊಡನೆ ‘ಭ್ರಮೆ’ ಎಂದರ್ಥವಲ್ಲ, ಅದಕ್ಕೂ ಚಿಕಿತ್ಸೆಯಿದೆ.

ಒಂದು ಅಪಾಯವನ್ನು ಮಾತ್ರ ತಡಮಾಡದೆ ಗುರುತಿಸಬೇಕು. ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಸುಸ್ತು ಇನ್ನೂ ಹೆಚ್ಚಿ, ತೂಕ ಇಳಿದು, ವಾಂತಿ, ಕಡಿಮೆ ರಕ್ತದೊತ್ತಡ, ಚರ್ಮ ಕಪ್ಪಾಗುವುದು ಕಂಡರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತಿರಬಹುದು. ಆಗ ಮೊದಲು ಸ್ಟೀರಾಯ್ಡ್ ಕೊಟ್ಟು, ಥೈರಾಕ್ಸಿನ್ ನಂತರವೇ. ಕ್ರಮ ತಪ್ಪಿದರೆ ಜೀವಕ್ಕೇ ಕುತ್ತು.

ತೂಕದ ಬಗ್ಗೆ ನಿರೀಕ್ಷೆ ದೊಡ್ಡದು. ಥೈರಾಯ್ಡ್ ಕುಂದಿದ್ದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆ.ಜಿ., ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ಉಳಿದ ತೂಕ ಮಾತ್ರೆಯಿಂದ ಇಳಿಯುವುದಿಲ್ಲ. ಕೂದಲು, ಚರ್ಮ ಸುಧಾರಿಸಲು ಟಿಎಸ್‌ಎಚ್ ಸರಿಯಾದ ಮೇಲೂ ತಿಂಗಳುಗಳೇ ಬೇಕು.

ಮೂಲ ನಿರ್ಣಯವೇ ಸಂಶಯಾಸ್ಪದವಾಗಿರುವುದೂ ಇದೆ. ಸುಸ್ತೆಂದು ಹೋದಾಗ ಒಮ್ಮೆ ಟಿಎಸ್‌ಎಚ್ 6 ಬಂದಿತ್ತು, ಅಂದೇ ಮಾತ್ರೆ ಶುರು. ಇಂಥ ಅಲ್ಪ ಏರಿಕೆ ಎಷ್ಟೋ ಸಲ ತಾನಾಗಿ ಇಳಿಯುತ್ತದೆ, ಎರಡು ಮೂರು ತಿಂಗಳಲ್ಲಿ ಮತ್ತೊಮ್ಮೆ ನೋಡಬೇಕು. 65 ದಾಟಿದವರಲ್ಲಿ ಇಂಥ ಏರಿಕೆಗೆ ಮಾತ್ರೆ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸುಸ್ತು ಮತ್ತಿತರ ಲಕ್ಷಣಗಳಲ್ಲಿ ಅವರಿಗೂ ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದವರಿಗೂ ವ್ಯತ್ಯಾಸ ಕಾಣಲಿಲ್ಲ.

ಕೊನೆಯದು ಟಿ4ರ ಜೊತೆ ಥೈರಾಯ್ಡಿನ ಇನ್ನೊಂದು ಹಾರ್ಮೋನಾದ ಟಿ3 ಸೇರಿಸುವ ಪ್ರಶ್ನೆ. ಎರಡೂ ಹಾರ್ಮೋನು ಕೊಟ್ಟರೆ ಲಾಭವಿದೆ ಎಂಬ ಆಸೆ 1999ರ ಒಂದು ಪ್ರಯೋಗದಿಂದ ಹುಟ್ಟಿತು. ನಂತರದ ಹೆಚ್ಚಿನ ಪ್ರಯೋಗಗಳು ಅದನ್ನು ಎತ್ತಿಹಿಡಿಯಲಿಲ್ಲ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಯುರೋಪಿಯನ್ ಥೈರಾಯ್ಡ್ ಅಸೋಸಿಯೇಷನ್ 2012ರ ಮಾರ್ಗಸೂಚಿಯಲ್ಲಿ, ಬೇರೆಲ್ಲ ಕಾರಣಗಳನ್ನು ತಳ್ಳಿಹಾಕಿದ ಮೇಲೆ ತಜ್ಞರ ಕಣ್ಣಿನಡಿ ಪ್ರಯೋಗಾರ್ಥವಾಗಿ ನೋಡಬಹುದೆಂದಿತು: ಟಿ4ರ 13ರಿಂದ 20 ಪಾಲಿಗೆ ಟಿ3 ಒಂದು ಪಾಲು, ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುವುದು. ಗರ್ಭಿಣಿಯರಿಗೆ, ಹೃದಯಬಡಿತದ ತೊಂದರೆ ಇರುವವರಿಗೆ ಇದು ಸಲ್ಲದು. ಮಾತ್ರೆಯ ಬದಲು ಕೆಲವರು ಬಳಸುವ ಪ್ರಾಣಿಗಳ ಥೈರಾಯ್ಡ್ ಗ್ರಂಥಿಯ ಪುಡಿಯಲ್ಲಿ ಈ ಪ್ರಮಾಣ ಸುಮಾರು ನಾಲ್ಕಕ್ಕೆ ಒಂದು, ಮನುಷ್ಯನಿಗೆ ಟಿ3 ಅತಿಯಾಯಿತು. ‘ಇನ್ನೊಂದು ಮಾತ್ರೆ ಹೆಚ್ಚಿಗೆ ನುಂಗಿದರಾಯಿತು’ ಎಂಬವರಿಗೂ ಒಂದು ಮಾತು. ಟಿಎಸ್‌ಎಚ್ 0.1ಕ್ಕಿಂತ ಕೆಳಗೇ ಉಳಿದರೆ ಹೃದಯದ ಲಯ ತಪ್ಪಬಹುದು, ಮುಟ್ಟು ನಿಂತ ಮಹಿಳೆಯರ ಮೂಳೆ ಸವೆಯುತ್ತದೆ.

ವೈದ್ಯರ ಬಳಿ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದೊಯ್ಯಿರಿ: ಮಾತ್ರೆಯ ಹೆಸರು, ಡೋಸ್, ನುಂಗುವ ಹೊತ್ತು, ಅದಾದ ಎಷ್ಟು ಹೊತ್ತಿಗೆ ಮೊದಲ ಕಾಫಿ, ಕಳೆದ ತಿಂಗಳು ತಪ್ಪಿದ ದಿನಗಳೆಷ್ಟು, ಬೇರೆ ಯಾವ ಮಾತ್ರೆ-ವಿಟಮಿನ್ ನಡೆಯುತ್ತಿವೆ, ಕಂಪನಿ ಬದಲಾಗಿದೆಯೇ. ಹಳೆಯ ರಿಪೋರ್ಟುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಪ್ರತಿಯೊಂದರ ಮೇಲೂ ಅಂದು ನುಂಗುತ್ತಿದ್ದ ಡೋಸ್ ಬರೆದಿಡಿ. ಮಾತ್ರೆ ಶುರುವಾಗುವ ಮೊದಲಿನ ರಿಪೋರ್ಟ್ ಎಲ್ಲಕ್ಕಿಂತ ಮೇಲಿರಲಿ.

ಇಂತಿ,
ತಮ್ಮ ಓದುಗ