ಎರಡು ಕೆಂಡದ ಬೆಂಕಿ

ಪ್ರೀತಿಯ ಗೆಳೆಯಾ,

2025ರ ಶುಭ ಶುಕ್ರವಾರ, ಏಪ್ರಿಲ್ 18ರಂದು, ಚರ್ಚಿನಲ್ಲಿ ಪಾಡುಗಳ ವಾಚನಕ್ಕೆ, ಅಂದರೆ ಯೇಸುವಿನ ಯಾತನೆ, ಮರಣದ ಕಥೆ ಓದುವುದಕ್ಕೆ, ನನ್ನನ್ನೂ ನಿಲ್ಲಿಸಿದ್ದರು. ಆ ದಿನ ಪ್ರತಿ ವರ್ಷವೂ ಬೈಬಲ್ಲಿನ ಯೊವಾನ್ನರ ಶುಭಸಂದೇಶವೇ, ನಿನಗೆ ಗೊತ್ತಲ್ಲ. ಯೇಸುವಿನ ಮಾತು ಗುರುಗಳದ್ದು, ಕಥೆ ಓದುವವರು ಒಬ್ಬರು, ಉಳಿದವರ ಮಾತೆಲ್ಲ ನನ್ನದು. ರೋಮನ್ ಅಧಿಪತಿ ಪಿಲಾತನೂ ನಾನೇ, ಬಾಗಿಲು ಕಾಯುವ ಹುಡುಗಿಯೂ ನಾನೇ, ಯೇಸುವಿನ ಶಿಷ್ಯ ಪೇತ್ರನೂ ನಾನೇ.

ಮನೆಯಲ್ಲಿ ನಾಲ್ಕು ಸಲ ಓದಿಕೊಂಡಿದ್ದೆ. ಆದರೂ ಅಲ್ಲಿ ನಿಂತಾಗಲೇ ಕಿವಿಗೆ ಬಿದ್ದದ್ದು. ತೋಟದಲ್ಲಿ ಹಿಡಿಯಲು ಬಂದವರಿಗೆ ಯೇಸು ‘ನಾನೇ’ ಅನ್ನುತ್ತಾರೆ, ಸ್ವಲ್ಪ ಹೊತ್ತಿಗೇ, ನೀನೂ ಅವನ ಶಿಷ್ಯನಲ್ಲವೇ ಅಂತ ಕೇಳಿದವರಿಗೆ ಪೇತ್ರ ‘ನಾನಲ್ಲ’ ಅನ್ನುತ್ತಾನೆ. ಎರಡು ಸಲ. ಮೂರನೆಯ ಸಲ ಅವನಿಗೆ ಮಾತೇ ಇಲ್ಲ, ಮತ್ತೆ ಅಲ್ಲಗಳೆದ, ಕೋಳಿ ಕೂಗಿತು ಅಂತ ಕಥೆ ಓದುವವರೇ ಹೇಳಿಬಿಡುತ್ತಾರೆ. ಎರಡನೆಯ ‘ನಾನಲ್ಲ’ ಹೇಳುವಾಗ ಅವನು ಕೆಂಡದ ಮುಂದೆ ಚಳಿ ಕಾಯಿಸಿಕೊಳ್ಳುತ್ತ ನಿಂತಿದ್ದಾನೆ, ಆಳುಗಳ, ಕಾವಲುಗಾರರ ಜೊತೆಯಲ್ಲೇ. ಅಲ್ಲಿ ನನ್ನ ದನಿ ಇಳಿದುಹೋಯಿತು. ನೀನು ನೆನಪಾದೆ.

ಹಬ್ಬದ ಲೆಕ್ಕದಲ್ಲಿ ಹಣ ಕಡಿಮೆ ಬಂತು ಅಂತ ನಿನ್ನ ಮೇಲೆ ಮಾತು ಬಂದ ಸಂಜೆ. ಆ ಹಣವನ್ನು ನಿನ್ನ ಪಕ್ಕದಲ್ಲೇ ಕೂತು ಎಣಿಸಿದವನು ನಾನು. ನೀನು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ‘ನೀನೂ ಜೊತೆಗಿದ್ದೆ ಅಲ್ವಾ?’ ಅಂತ ಒಬ್ಬರು ಕೇಳಿದರು. ಇಲ್ಲ, ನಾನು ಬೇಗ ಮನೆಗೆ ಹೋಗಿದ್ದೆ ಅಂದೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಮುಂದಿನ ಭಾನುವಾರದಿಂದ ನೀನು ಪೂಜೆಗೆ ಬರಲಿಲ್ಲ.

ಶುಭ ಶುಕ್ರವಾರದಿಂದ ಹದಿನಾರು ದಿನ ಕಳೆದು ಪಾಸ್ಖ (ಈಸ್ಟರ್) ಕಾಲದ ಮೂರನೆಯ ಭಾನುವಾರ ಬಂತು. ಆ ಭಾನುವಾರಕ್ಕೆ ಮೂರು ವರ್ಷಕ್ಕೊಮ್ಮೆ ಮಾತ್ರ ಬರುವ ಓದು, ಯೊವಾನ್ನರ 21ನೇ ಅಧ್ಯಾಯ. ಮರಣದಿಂದ ಎದ್ದ ಯೇಸು ಸರೋವರದ ದಡದಲ್ಲಿ ಶಿಷ್ಯರಿಗೆ ಕಾಣಿಸಿಕೊಳ್ಳುತ್ತಾರೆ. ಅಲ್ಲಿ ಮತ್ತೆ ಕೆಂಡ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೊವಾನ್ನರ ಶುಭಸಂದೇಶದಲ್ಲಿ ಕೆಂಡದ ಬೆಂಕಿ ಬರುವುದು ಈ ಎರಡೇ ಕಡೆ. ಆ ರಾತ್ರಿ ಯಾಕೆ ಹಾಗಂದೆ ಅಂತ ಯೇಸು ಪೇತ್ರನನ್ನು ಕೇಳುವುದಿಲ್ಲ. ಮೊದಲು ಊಟ ಕೊಡುತ್ತಾರೆ, ಆಮೇಲೆ ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳುತ್ತಾರೆ. ಮೂರು ಸಲ. ಮೂರನೆಯ ಸಲಕ್ಕೆ ಪೇತ್ರನಿಗೆ ನೋವಾಗುತ್ತದೆ. ಆಗಲೇಬೇಕಲ್ಲ.

ಅವತ್ತೇ ಪೂಜೆ ಮುಗಿದ ಮೇಲೆ ಗುರುಗಳಿಗೂ ಸಮಿತಿಯವರಿಗೂ ಇದ್ದದ್ದು ಇದ್ದಹಾಗೆ ಹೇಳಿದೆ. ತುಂಬಾ ತಡವಾಯಿತು, ಗೊತ್ತು. ಅವತ್ತು ಎಲ್ಲರ ಮುಂದೆ ಸುಳ್ಳು ಹೇಳಿದ್ದರಿಂದ ಈ ಪತ್ರವನ್ನೂ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತಿದ್ದೇನೆ. ಹಣ ಎಣಿಸುವಾಗ ನಾನು ನಿನ್ನ ಜೊತೆಗಿದ್ದೆ. ಕ್ಷಮಿಸು. ಫೋನ್ ಮಾಡಲಾ?

ಇಂತಿ,
ನಿನ್ನ ಗೆಳೆಯ