ಡಿಗ್ರಿ ತರಗತಿಗೂ ಚಿತ್ರಕಥೆ ಬೇಕು

ಮಾನ್ಯರೇ,

ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತೇನೆ. ಜಾಸ್ತಿ ಜನ ಜೇವರ್ಗಿ, ಆಳಂದ, ಚಿತ್ತಾಪುರ ಕಡೆಯ ಹಳ್ಳಿಯವರು. ಹತ್ತನೆಯವರೆಗೆ ಕನ್ನಡದಲ್ಲೇ ಓದಿದವರು. ಮನೆಯಲ್ಲಿ ತೊಗರಿ ಹೊಲ ಇದೆ. ಆದರೆ ತೊಗರಿ ಬೇರಿನ ಗಂಟಿನಲ್ಲಿ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಪಾಠ ಬಂದರೆ ‘ನೈಟ್ರೋಜಿನೇಸ್’, ‘ಲೆಗ್‌ಹಿಮೋಗ್ಲೋಬಿನ್’ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತುಬಿಡುತ್ತಿದ್ದರು.

ಕಳೆದ ವರ್ಷ ಮೂರನೇ ತರಗತಿಯ ನನ್ನ ಮಗಳ ಚಿತ್ರಕಥೆ ಪುಸ್ತಕವೊಂದನ್ನು ಕ್ಲಾಸಿಗೆ ಒಯ್ದೆ. ಬೀಜ ಮೊಳೆಯುವ ಕಥೆ. ಹಿಂದಿನ ಬೆಂಚಿನವರು ಮೊದಲು ನಕ್ಕರು, ಆಮೇಲೆ ಅವರೇ ಕೈಯಿಂದ ಕೈಗೆ ಕಸಿದು ನೋಡಿದರು. ‘ಬೇರಿನ ಗಂಟಿನ ಕಥೆ ನೀವೇ ಬರೆದು ಚಿತ್ರ ಹಾಕಿ. ನಿಮ್ಮ ತಮ್ಮ, ತಂಗಿಗೆ ತಿಳಿಯಬೇಕು’ ಎಂದೆ.

ಆಗಸ್ಟ್‌ನಲ್ಲಿ ಒಬ್ಬ ಹುಡುಗ ತೊಗರಿ ಗಿಡ ಕಿತ್ತು ತಂದ. ಗಂಟೆಲ್ಲ ಎರಿ ಮಣ್ಣಲ್ಲೇ ಉಳಿದಿದ್ದವು. ಮರುದಿನ ಮಣ್ಣುಸಮೇತ ಅಗೆದು ತಂದ. ಬಕೆಟ್ ನೀರಲ್ಲಿ ನೆನೆಸಿ ತೊಳೆದೆವು. ಗಂಟನ್ನು ಬ್ಲೇಡಿನಿಂದ ಕೊಯ್ದರೆ ಒಳಗೆ ತಿಳಿಗೆಂಪು. ‘ಇದರಾಗ ರಕ್ತ ಅದ ಏನ್ರಿ ಮೇಡಂ?’ ಎಂದಳು ಒಬ್ಬಳು. ಎಂಥ ಪ್ರಶ್ನೆ! ಆ ಕೆಂಪೇ ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧು.

ಕಥೆಯ ಮೊದಲ ಪುಟಗಳು ಸಲೀಸು. ಬೇರು ರಾಸಾಯನಿಕ ಬಿಟ್ಟು ಕರೆಯುತ್ತದೆ, ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ತನ್ನದೊಂದು ರಾಸಾಯನಿಕದಿಂದ ಓಗೊಡುತ್ತದೆ. ಬೇರುಗೂದಲು ಸುರುಳಿ ಸುತ್ತಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮುಂದೆ ಎಲ್ಲರೂ ನಿಂತರು. ಸಾರಜನಕ ಹಿಡಿಯುವ ಕಿಣ್ವವಾದ ನೈಟ್ರೋಜಿನೇಸ್‌ಗೆ ಆಮ್ಲಜನಕ ಆಗಿಬರುವುದಿಲ್ಲ. ಆದರೆ ಬ್ಯಾಕ್ಟೀರಿಯಾ ಉಸಿರಾಡಬೇಕಲ್ವಾ? ನೋಟ್ಸ್ ಬರೆಸುವಾಗ ಒಬ್ಬರೂ ಕೇಳದ ಪ್ರಶ್ನೆ ಇದು. ಆಮ್ಲಜನಕವನ್ನು ಎಲ್ಲಿ ಬರೆಯಲಿ, ಎಷ್ಟು ಬರೆಯಲಿ ಎಂದು ಪೆನ್ಸಿಲ್ ಹಿಡಿದು ಕೂತಾಗ ಹುಟ್ಟಿತು. ಕೊನೆಗೆ ಒಬ್ಬಳು ಲೆಗ್‌ಹಿಮೋಗ್ಲೋಬಿನ್ ಅನ್ನು ಅಜ್ಜಿಯಾಗಿ ಬರೆದಳು. ಜೋಳ ಅಳೆಯುವ ಸೇರಿನಲ್ಲಿ ಆಮ್ಲಜನಕವನ್ನು ಅಳೆದು ಅಳೆದು ಕೊಡುವ ಅಜ್ಜಿ! ನನ್ನ ಯಾವ ಪಾಠವೂ ಇಷ್ಟು ಚೆನ್ನಾಗಿ ಇದನ್ನು ಹೇಳಿರಲಿಲ್ಲ.

ಕಥೆಯಲ್ಲಿ ಅಪಾಯವೂ ಇದೆ. ಬೇರಿಗೆ ಆಸೆ, ಬ್ಯಾಕ್ಟೀರಿಯಾಕ್ಕೆ ಸ್ನೇಹ ಎಂದು ಮಕ್ಕಳು ನಿಜವಾಗಿ ನಂಬಬಾರದು. ಅದಕ್ಕೇ ಕೊನೆಯ ಪುಟದಲ್ಲಿ ‘ಯಾವುದು ಕಥೆ, ಯಾವುದು ವಿಜ್ಞಾನ’ ಎಂದು ಬಿಡಿಸಿ ಬರೆಯಲೇಬೇಕು ಎಂದು ನಿಯಮ ಮಾಡಿದೆ. ನಾನು ಅಂಕ ಕೊಡುವುದು ಆ ಪುಟ ನೋಡಿಯೇ.

‘ಡಿಗ್ರಿ ಮಕ್ಕಳಿಗೆ ಬೊಂಬೆ ಪುಸ್ತಕವೇ?’ ಎಂದು ಹಿರಿಯರೊಬ್ಬರು ಕೇಳಿದಾಗ ನೋವಾಯಿತು. ಇದು ಸುಮ್ನೆ ಬಣ್ಣ ಹಚ್ಚುವ ಕೆಲಸವಲ್ಲ. ಆಂತರಿಕ ಅಂಕದ ಅಸೈನ್‌ಮೆಂಟ್‌ಗೆ ಚಿತ್ರಕಥೆಯನ್ನೂ ಒಪ್ಪಬೇಕೆಂದು ವಿಶ್ವವಿದ್ಯಾಲಯಗಳನ್ನು ಕೇಳಿಕೊಳ್ಳುತ್ತೇನೆ. ಕಾಲೇಜು ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳಿಗೆ ಒಂದು ಕಪಾಟು ಇರಲಿ.

ನಮ್ಮ ಮಕ್ಕಳು ಬರೆದ 11 ಪುಸ್ತಕಗಳು ಸದ್ಯ ಲ್ಯಾಬಿನ ಬೀರುವಿನಲ್ಲಿವೆ. ಸುತ್ತಲಿನ ಸರ್ಕಾರಿ ಶಾಲೆಯವರು ಕೇಳಿದರೆ ಓದಲು ಕೊಡುತ್ತೇವೆ. ಈ ಸಲ ತೊಗರಿ ಹೂ ಬಿಡುವ ಹೊತ್ತಿಗೆ ಕಾಯಿಕೊರಕ ಹುಳುವಿನ ಕಥೆ ಶುರು ಮಾಡುತ್ತೇವೆ.

– ಸಸ್ಯಶಾಸ್ತ್ರ ಉಪನ್ಯಾಸಕಿ, ಕಲಬುರಗಿ