ಅನಿಮೇಷನ್ ನಿಲ್ಲಿಸಿ, ಮುಂದೇನು ಅಂತ ಕೇಳಿ

ಮಾನ್ಯ ಸಂಪಾದಕರೇ,

ಮಂಡ್ಯದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಸ್ಮಾರ್ಟ್ ಬೋರ್ಡ್ ಬಂದ ಮೇಲೆ ಅಲ್ಗಾರಿದಮ್ (ಕಂಪ್ಯೂಟರ್ ಒಂದು ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಮಾಡುವ ವಿಧಾನ) ಪಾಠ ಅಂದರೆ ಅನಿಮೇಷನ್ ಹಾಕಿ ಕೂರುವುದು ಅಂತಾಗಿದೆ. ನಾನೂ ಹಾಗೇ ಮಾಡುತ್ತಿದ್ದೆ. ಒಂದೊಂದು ಸಂಖ್ಯೆಗೆ ಒಂದೊಂದರಂತೆ ಇರುವ ಬಣ್ಣದ ಕಂಬಗಳು ಜಾಗ ಬದಲಿಸುತ್ತಾ ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ನಿಂತಾಗ ಮಕ್ಕಳು 'ಅರ್ಥ ಆಯ್ತು ಸಾರ್' ಅನ್ನುತ್ತಿದ್ದರು. ನಂಬಿದ್ದೆ.

ಹೋದ ತಿಂಗಳು ಪಾಠದ ಮಧ್ಯೆ ಕರೆಂಟ್ ಹೋಯಿತು. ಪಕ್ಕದ ಹಳೇ ಕರಿಹಲಗೆ ಮೇಲೆ 7, 3, 9, 1, 5 ಅಂತ ಬರೆದು, ಅಕ್ಕಪಕ್ಕದ ಎರಡನ್ನು ಹೋಲಿಸಿ ದೊಡ್ಡದನ್ನು ಬಲಕ್ಕೆ ಸರಿಸುತ್ತಾ ಸಾಲಿನ ಕೊನೆವರೆಗೆ ಹೋಗುವ ಬಬಲ್ ಸಾರ್ಟ್‌ನ ಮೊದಲ ಸುತ್ತು ಮುಗಿದಾಗ ಸಾಲು ಹೇಗಿರುತ್ತದೆ ಬರೀರಿ ಅಂದೆ. ಅರ್ಧಕ್ಕಿಂತ ಜಾಸ್ತಿ ಜನ 9ನ್ನು ಎತ್ತಿ ಕೊನೆಗಿಟ್ಟು 7, 3, 1, 5, 9 ಅಂತ ಬರೆದಿದ್ದರು. ಸರಿ ಉತ್ತರ 3, 7, 1, 5, 9. ದೊಡ್ಡ ಕಂಬ ತುದಿಗೆ ಹೋಗಿದ್ದು ಅವರ ಕಣ್ಣಿಗೆ ಬಿದ್ದಿದೆ, ಆದರೆ ಅದಕ್ಕೂ ಮೊದಲು 7 ಮತ್ತು 3 ಅಕ್ಕಪಕ್ಕ ಹೋಲಿಸಿ ಜಾಗ ಬದಲಿಸಿದ್ದು ಬಿದ್ದೇ ಇಲ್ಲ. ತಪ್ಪು ಮಕ್ಕಳದಲ್ಲ, ನಾನು ಸುಮ್ನೆ ಓಡಿಸಿಬಿಟ್ಟಿದ್ದೆ.

ಅನಿಮೇಷನ್ ಬೇಡ ಅನ್ನುತ್ತಿಲ್ಲ. ಸಾವಿರ ಸಂಖ್ಯೆಗೆ ಬಬಲ್ ಸಾರ್ಟ್ ಸುಮಾರು ಐದು ಲಕ್ಷ ಹೋಲಿಕೆ ಮಾಡಬೇಕಾಗಬಹುದು, ಸಾಲನ್ನು ಅರ್ಧರ್ಧ ಒಡೆದು ಜೋಡಿಸಿ ಮತ್ತೆ ಬೆಸೆಯುವ ಮರ್ಜ್ ಸಾರ್ಟ್‌ಗೆ ಹತ್ತು ಸಾವಿರವೂ ಬೇಡ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ, ಎರಡನ್ನೂ ಒಟ್ಟಿಗೆ ಓಡಿಸಿ ತೋರಿಸಿದರೆ ಇಡೀ ಕ್ಲಾಸ್ ಎದ್ದು ನೋಡುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದ ರೊನಾಲ್ಡ್ ಬೇಕರ್ 1981ರಲ್ಲೇ ಇಂಥ ಅರ್ಧ ಗಂಟೆಯ ಚಿತ್ರ ಮಾಡಿದ್ದರು. ಈಗಂತೂ ಸಿಂಗಪುರದಲ್ಲಿ ಮಾಡಿದ ವಿಷುಆಲ್ಗೊ ಅನ್ನುವ ಅನಿಮೇಷನ್ ವೆಬ್‌ಸೈಟ್ ಇಂಟರ್ನೆಟ್ಟಿನಲ್ಲೇ ಸಿಗುತ್ತದೆ. ಆದರೆ ಇಂಥ ಅನಿಮೇಷನ್ ಬಗ್ಗೆ ನಡೆದ 24 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2002ರ ಒಂದು ಅಧ್ಯಯನ ಹೇಳಿದ್ದೂ ಇದನ್ನೇ: ಪರದೆ ಮೇಲೆ ಏನು ಕಾಣುತ್ತದೆ ಅನ್ನುವುದಕ್ಕಿಂತ, ನೋಡುವವರು ಅದರ ಜೊತೆ ಏನು ಮಾಡುತ್ತಾರೆ ಅನ್ನುವುದೇ ಮುಖ್ಯ.

ಈಗ ಪ್ರತಿ ಹೆಜ್ಜೆಗೂ ಮುಂಚೆ ಅನಿಮೇಷನ್ ನಿಲ್ಲಿಸುತ್ತೇನೆ. ಮುಂದೆ ಯಾವ ಎರಡನ್ನು ಹೋಲಿಸುತ್ತದೆ, ಅದಲು ಬದಲು ಆಗುತ್ತದಾ ಇಲ್ವಾ, ಪುಸ್ತಕದಲ್ಲಿ ಬರೆದ ಮೇಲೇ ಮುಂದಕ್ಕೆ. ಪಾಠ ನಿಧಾನ ಆಗುತ್ತದೆ, ನಿಜ, ಸಿಲಬಸ್ ಮುಗಿಯಲ್ಲ ಅಂತ ಸಹೋದ್ಯೋಗಿಗಳು ಹೇಳುವುದೂ ಸರಿಯೇ. ಆದರೂ ಕೇಳಿಕೊಳ್ಳುತ್ತೇನೆ, ಸ್ಮಾರ್ಟ್ ಬೋರ್ಡ್ ತರಬೇತಿ ಕೊಡುವವರು ಬಟನ್ ಒತ್ತುವುದರ ಜೊತೆಗೆ ಎಲ್ಲಿ ನಿಲ್ಲಿಸಿ ಏನು ಕೇಳಬೇಕು ಅನ್ನುವುದನ್ನೂ ಹೇಳಿಕೊಡಲಿ. ಲ್ಯಾಬ್ ಪರೀಕ್ಷೆಯಲ್ಲಿ ಪ್ರೋಗ್ರಾಂ ಓಡಿಸುವ ಮೊದಲು ಒಂದು ಸುತ್ತನ್ನು ಕೈಯಲ್ಲಿ ಬರೆಸಲಿ, ಅದಕ್ಕೂ ಅಂಕ ಇರಲಿ.

– ಒಬ್ಬ ಉಪನ್ಯಾಸಕ, ಮಂಡ್ಯ